ಸಿಜಿಪಿಎ 8.6 ಇದ್ರೆ ಮಗಳು ಸೈಟಿಗೆ ರೆಡಿ ಅಂತ ಅರ್ಥಾನಾ?

ಓದುಗರ ಪ್ರಶ್ನೆ: ಸರ್, ನಮ್ದು ಚನ್ನರಾಯಪಟ್ಟಣ. ಮಗಳು ಸಿವಿಲ್ ಬಿಇ ಮುಗಿಸಿ ಈಗ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟಲ್ಲಿ ಎಂಟೆಕ್ ಮಾಡ್ತಿದಾಳೆ, ಸಿಜಿಪಿಎ 8.6 ಇದೆ. ಪೇರೆಂಟ್ಸ್ ಮೀಟಿಂಗಲ್ಲಿ ನಮ್ಮ ಔಟ್‌ಕಮ್ ಅಟೈನ್‌ಮೆಂಟ್ 3ಕ್ಕೆ 2.7 ಬಂದಿದೆ ಅಂತ ಖುಷಿಯಿಂದ ಹೇಳಿದ್ರು. ಹಂಗಂದ್ರೆ ಅವಳು ಕೆಲಸಕ್ಕೆ ರೆಡಿ ಇದಾಳೆ ಅಂತಾನಾ?

ಈ ಪ್ರಶ್ನೆ ನಂಗೆ ತಿಂಗಳಿಗೊಂದು ಸಲ ಆದ್ರೂ ಬರುತ್ತೆ, ಹಾಸನದಲ್ಲಿ ಸೈಟ್ ನೋಡ್ಕೊಂಡು ಮಧ್ಯೆ ಮಧ್ಯೆ ಕಾಲೇಜುಗಳಿಗೆ ಪ್ರಾಜೆಕ್ಟ್ ವೈವಾಗೂ ಹೋಗೋನು ನಾನು, ಅದಕ್ಕೇ ಕೇಳ್ತಾರೆ ಅನ್ಸುತ್ತೆ. ಮೊದಲು ಒಂದು ಮಾತು ಬಿಡಿಸಿ ಹೇಳ್ಬಿಡ್ತೀನಿ: ಆ 2.7 ನಿಮ್ಮ ಮಗಳದ್ದಲ್ಲ.

ಕೋರ್ಸಲ್ಲಿ ಕಲೀಬೇಕಾದ್ದನ್ನ (ಅದಕ್ಕೇ ಔಟ್‌ಕಮ್ ಅನ್ನೋದು) ಹುಡುಗರು ಎಷ್ಟು ಕಲಿತ್ರು ಅಂತ ಇಡೀ ಕ್ಲಾಸಿಗೆ ಹಾಕೋ ಲೆಕ್ಕ ಅದು. ಡಿಪಾರ್ಟ್‌ಮೆಂಟಿನೋರು ಮೊದಲೇ ಒಂದು ಗುರಿ ಇಟ್ಕೊಳ್ತಾರೆ, ಉದಾಹರಣೆಗೆ ನೂರಕ್ಕೆ 60 ಜನ ಹುಡುಗರು 60 ಪರ್ಸೆಂಟ್ ಮಾರ್ಕ್ಸ್ ದಾಟಿದ್ರೆ ಲೆವೆಲ್ 1, 70 ಜನ ದಾಟಿದ್ರೆ ಲೆವೆಲ್ 2, 80 ಜನ ದಾಟಿದ್ರೆ ಲೆವೆಲ್ 3, ಈ ಗುರಿ ಕಾಲೇಜಿಂದ ಕಾಲೇಜಿಗೆ ಬೇರೆ. ಆಮೇಲೆ ಇಂಟರ್ನಲ್ಸು, ಸೆಮಿಸ್ಟರ್ ಎಕ್ಸಾಮು, ಲ್ಯಾಬು ಎಲ್ಲಾ ಸೇರಿಸಿ ಆವರೇಜ್ ತೆಗೀತಾರೆ, ಅದರ ಜೊತೆಗೆ ಕೊನೇ ಸೆಮ್ಮಲ್ಲಿ ಹುಡುಗರ ಕೈಲಿ ತುಂಬಿಸೋ ಎಕ್ಸಿಟ್ ಸರ್ವೆ, ಹಳೇ ವಿದ್ಯಾರ್ಥಿಗಳ ಸರ್ವೆ, ಕೆಲಸ ಕೊಟ್ಟೋರ ಸರ್ವೆಗೂ ಸ್ವಲ್ಪ ತೂಕ ಕೊಡ್ತಾರೆ. ಇಂಜಿನಿಯರಿಂಗ್ ಡಿಗ್ರಿಗಳನ್ನ ದೇಶಗಳು ಪರಸ್ಪರ ಒಪ್ಕೊಳ್ಳೋ ವಾಷಿಂಗ್ಟನ್ ಅಕಾರ್ಡ್ ಅನ್ನೋ ಒಪ್ಪಂದದಲ್ಲಿ 2014ರಲ್ಲಿ ಭಾರತಕ್ಕೆ ಪೂರ್ಣ ಸದಸ್ಯತ್ವ ಸಿಕ್ಕಿದ ಮೇಲೆ, ನಮ್ಮಲ್ಲಿ ಕೋರ್ಸುಗಳಿಗೆ ಮಾನ್ಯತೆ ಕೊಡೋ ಎನ್‌ಬಿಎ ಈ ಔಟ್‌ಕಮ್ ಲೆಕ್ಕವನ್ನ ಗಟ್ಟಿಯಾಗಿ ಕೇಳುತ್ತೆ. ಅದು ಬೇಕು ಕೂಡ, ಯಾವ ಸಬ್ಜೆಕ್ಟಲ್ಲಿ ಪಾಠ ಹಿಡೀತಿಲ್ಲ ಅಂತ ಮೇಷ್ಟ್ರಿಗೆ ಗೊತ್ತಾಗೋದು ಅದರಿಂದ್ಲೇ. ಆದ್ರೆ ಅದು ಕೋರ್ಸನ್ನ ಅಳೆಯೋ ಟೇಪು, ನಿಮ್ಮ ಮಗಳನ್ನ ಅಳೆಯೋದಲ್ಲ.

ಹಂಗಾದ್ರೆ 8.6? ಅದೇನೋ ಅವಳದ್ದೇ, ಕಷ್ಟಪಟ್ಟು ತಗೊಂಡಿದಾಳೆ, ಅದನ್ನ ಕಮ್ಮಿ ಮಾಡಿ ಮಾತಾಡಲ್ಲ. ಆದ್ರೆ ಆ ಮಾರ್ಕ್ಸು ಎಂಥಾ ಪ್ರಶ್ನೆಗೆ ಬಂತು ಅನ್ನೋದು ಮುಖ್ಯ.

ಅಮೆರಿಕದಲ್ಲಿ ಕನ್‌ಸ್ಟ್ರಕ್ಷನ್ ಡಿಗ್ರಿಗಳಿಗೆ ಮಾನ್ಯತೆ ಕೊಡೋ ಎಸಿಸಿಇ ಅಂತ ಒಂದು ಸಂಸ್ಥೆ ಇದೆ, ಅವರು ಬ್ಯಾಚುಲರ್ ಡಿಗ್ರಿಗೆ 20 ಔಟ್‌ಕಮ್ ಪಟ್ಟಿ ಮಾಡಿದ್ರು. ನಂಗೆ ಅದರಲ್ಲಿ ಹಿಡಿಸಿದ್ದು ಕ್ರಿಯಾಪದಗಳು. ಕಾನೂನು, ರಿಸ್ಕು ಇಂಥವನ್ನ ಅರ್ಥ ಮಾಡ್ಕೊಂಡಿದ್ರೆ ಸಾಕು, ಸರ್ವೆಯಿಂಗ್‌ನ ಬಳಸೋಕೆ ಬರಬೇಕು, ಆದ್ರೆ ಎಸ್ಟಿಮೇಟು, ಶೆಡ್ಯೂಲು, ಸೇಫ್ಟಿ ಪ್ಲಾನು, ಬರವಣಿಗೆ, ಬಾಯಲ್ಲಿ ವಿವರಿಸೋದು ಇವನ್ನೆಲ್ಲ ಸ್ವಂತ ಕೈಯಿಂದ ತಯಾರು ಮಾಡಿ ತೋರಿಸಬೇಕು. ಎಸ್ಟಿಮೇಟ್ ಅಂದ್ರೇನು ಅಂತ ಬರೆದು 10ಕ್ಕೆ 9 ತಗೊಳ್ಳೋದು ಬೇರೆ, ಒಂದು ಡ್ರಾಯಿಂಗ್ ಕೈಗೆ ಕೊಟ್ಟಾಗ ಎಸ್ಟಿಮೇಟ್ ಮಾಡೋದು ಬೇರೆ ಅಲ್ವಾ.

ಒಂದು ವೈವಾ ನೆನಪಾಗುತ್ತೆ. ಹುಡುಗ ಸಕಲೇಶಪುರದ ಹತ್ರ ಒಂದು ಬಿಲ್ಡಿಂಗಿಗೆ ಶೆಡ್ಯೂಲ್ ಮಾಡ್ಕೊಂಡು ಬಂದಿದ್ದ, ಸಾಫ್ಟ್‌ವೇರಲ್ಲಿ ಚೆನ್ನಾಗಿ ಮಾಡಿದ್ದ, ಕ್ರಿಟಿಕಲ್ ಪಾತ್ (ಒಂದು ದಿನ ತಡ ಆದ್ರೂ ಇಡೀ ಪ್ರಾಜೆಕ್ಟೇ ತಡ ಆಗೋ ಕೆಲಸಗಳ ಸಾಲು) ಕೆಂಪು ಬಣ್ಣದಲ್ಲಿ ನೀಟಾಗಿ ಬಂದಿತ್ತು, ಫ್ಲೋಟ್, ಅಂದ್ರೆ ಉಳಿದ ಕೆಲಸಗಳು ಎಷ್ಟು ದಿನ ತಡ ಆಗಬಹುದು ಅನ್ನೋ ಲೆಕ್ಕ, ಎಲ್ಲಾ ಸರಿ. ಪಾಯ ತೋಡೋ ಕೆಲಸ ಮಾತ್ರ ಜುಲೈ ಎರಡನೇ ವಾರಕ್ಕೆ ಬಿದ್ದಿತ್ತು. ಪುನರ್ವಸು ಮಳೆ ಹೊಡೀತಿರೋವಾಗ ಸಕಲೇಶಪುರದಲ್ಲಿ ಪಾಯ ತೋಡಿದ್ರೆ ಗುಂಡಿ ತುಂಬಾ ನೀರು, ಪಕ್ಕದ ಮಣ್ಣು ಕುಸಿಯೋ ಭಯ, ಜೆಸಿಬಿ ಒಳಗೆ ಹೋಗಲ್ಲ. ಕೇಳಿದೆ, ಅವನಿಗೆ ಒಂದು ನಿಮಿಷ ಅರ್ಥಾನೇ ಆಗ್ಲಿಲ್ಲ, ಅವನೂ ಮಲೆನಾಡಿನವನೇ, ಮಳೆ ಗೊತ್ತಿಲ್ದೆ ಏನಲ್ಲ, ಆದ್ರೆ ಮನೇಲಿ ಕಂಡ ಮಳೆನೂ ಕಂಪ್ಯೂಟರಲ್ಲಿರೋ ಜುಲೈಯೂ ಒಂದೇ ಅಂತ ಯಾರೂ ಅವನಿಗೆ ಜೋಡಿಸಿ ಕೊಟ್ಟಿರ್ಲಿಲ್ಲ. ಮೌಲ್ಯಮಾಪನದ ಶೀಟಲ್ಲಿ ಸಾಫ್ಟ್‌ವೇರಿಗೆ, ರಿಪೋರ್ಟಿಗೆ, ಪಿಪಿಟಿಗೆ ಕಾಲಂ ಇತ್ತು, ಈ ಶೆಡ್ಯೂಲ್ ಪ್ರಕಾರ ಕೆಲಸ ನಡೆಯುತ್ತಾ ಅನ್ನೋದಕ್ಕೆ ಕಾಲಂ ಇರ್ಲಿಲ್ಲ. ಆ ಶೀಟಿನ ಪ್ರಕಾರ ಅವನಿಗೆ ಒಳ್ಳೇ ಮಾರ್ಕ್ಸೇ ಬಂತು. ಅವತ್ತು ನಂಗೆ ಬೇಜಾರಾಗಿದ್ದು ಹುಡುಗನ ಮೇಲಲ್ಲ, ಆ ಶೀಟಿನ ಮೇಲೆ.

ಕೆಲಸಕ್ಕೆ ತಗೊಳ್ಳೋವಾಗ ನಾನು ಏನ್ ಕೇಳ್ತೀನಿ ಅಂತ ಹೇಳ್ತೀನಿ, ಮನೇಲಿ ನೀವೇ ಮಗಳಿಗೆ ಕೇಳಿ ನೋಡಬಹುದು. 12 ಎಂಎಂ ಕಂಬಿ, 12 ಮೀಟರ್ ಉದ್ದದ್ದು, 200 ಪೀಸು ಲಾರೀಲಿ ಬಂದಿದೆ, ತೂಕದ ಚೀಟೀಲಿ ಕಂಬಿ ತೂಕ 2050 ಕೆಜಿ ಅಂತಿದೆ, ಇಳಿಸ್ಕೊಳ್ತೀಯಾ ವಾಪಸ್ ಕಳಿಸ್ತೀಯಾ? ಡಿ ಸ್ಕ್ವೇರ್ ಬೈ 162 (ಡಿ ಅಂದ್ರೆ ಎಂಎಂನಲ್ಲಿ ಕಂಬಿ ದಪ್ಪ) ಅನ್ನೋ ಸೂತ್ರ ಎಲ್ಲರಿಗೂ ಬಾಯಿಪಾಠ, ಮೀಟರಿಗೆ 0.888 ಕೆಜಿ, ಒಟ್ಟು 2133 ಬರಬೇಕು. ಅರ್ಧ ಜನ 83 ಕೆಜಿ ಕಮ್ಮಿ, ಮೋಸ, ವಾಪಸ್ ಕಳಿಸ್ತೀನಿ ಅಂತಾರೆ. ಇನ್ನರ್ಧ ಜನ ಸ್ವಲ್ಪ ತಾನೇ, ಇಳಿಸ್ಕೊಳ್ತೀನಿ ಅಂತಾರೆ. ನಂಗೆ ಬೇಕಾದೋರು ಬೇರೆ ತರ ಹೋಗ್ತಾರೆ: ಕಂಬಿಗಿರೋ ಭಾರತೀಯ ಮಾನದಂಡ ಐಎಸ್ 1786 ಪ್ರಕಾರ ಈ ಸೈಜಿಗೆ ಒಟ್ಟು ಬ್ಯಾಚಲ್ಲಿ 5 ಪರ್ಸೆಂಟ್ ಆಚೀಚೆ ಇರಬಹುದು, ಇದು 4ರ ಹತ್ರ ಇದೆ, ಹಾಗಾಗಿ ಮಾಲು ತಳ್ಳೋಕಾಗಲ್ಲ, ಆದ್ರೆ ಪೀಸ್ ಎಣಿಸಿದ್ಯಾರು ಸರ್, ಬಿಲ್ಲು ಸೂತ್ರದ ತೂಕಕ್ಕಾ ಇಲ್ಲಾ ಚೀಟಿ ತೂಕಕ್ಕಾ? ಕೊನೇ ಎರಡು ಪ್ರಶ್ನೆ ಅವಳಾಗಿ ಅವಳೇ ಕೇಳಿದ್ರೆ ಅವಳು ರೆಡಿ ಇದಾಳೆ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಐಎಸ್ ನಂಬರ್ ನೆನಪಿಲ್ದಿದ್ರೂ ಪರವಾಗಿಲ್ಲ, ಒಂದು ಮಿತಿ ಇರುತ್ತೆ ನೋಡಿ ಹೇಳ್ತೀನಿ ಅಂದ್ರೂ ಸಾಕು. ನಾವು ಬೇಕಂತ್ಲೇ ಒಂದು ವಿಷಯ ಬಿಟ್ಟು ಕೇಳಿರ್ತೀವಿ, ಆ ಬಿಟ್ಟಿದ್ದನ್ನ ಹಿಡೀತಾಳಾ ಅನ್ನೋದೇ ಪರೀಕ್ಷೆ, ಇದನ್ನ ಮೂರು ಗಂಟೆ ಪೇಪರಲ್ಲಿ ಅಳೆಯೋದು ತುಂಬಾ ಕಷ್ಟ.

ಕಾಲೇಜಲ್ಲಿ ವಿಚಾರಿಸೋದಾದ್ರೆ ಪ್ಲೇಸ್‌ಮೆಂಟ್ ಎಷ್ಟು ಪರ್ಸೆಂಟ್ ಅಂತ ಕೇಳಬೇಡಿ, ಅದರಲ್ಲಿ ಸಾಫ್ಟ್‌ವೇರ್ ಕಂಪನಿಗೆ ಹೋದೋರೂ ಸೇರಿರ್ತಾರೆ. ಸೈಟಿನ ಕೆಲಸಕ್ಕೆ ಹೋದೋರು ಎಷ್ಟು, ವರ್ಷ ಆದ್ಮೇಲೂ ಅಲ್ಲೇ ಇರೋರು ಎಷ್ಟು ಅಂತ ಕೇಳಿ. ಪ್ರಾಜೆಕ್ಟ್ ಪ್ಯಾನೆಲ್ಲಲ್ಲಿ ಹೊರಗಿನ ಇಂಜಿನಿಯರ್ ಕೂರ್ತಾರಾ, ಅವರ ಮಾರ್ಕ್ಸು ಲೆಕ್ಕಕ್ಕೆ ಬರುತ್ತಾ ಅಂತಾನೂ ಕೇಳಿ.

ಇವೆಲ್ಲಕ್ಕಿಂತ ಮೊದಲು ಮಗಳ ಇಂಟರ್ನ್‌ಶಿಪ್ ಡೈರಿ ಇಸ್ಕೊಂಡು ಓದಿ, ಇಂಜಿನಿಯರಿಂಗ್ ಗೊತ್ತಿಲ್ದಿದ್ರೂ ಪರವಾಗಿಲ್ಲ, ಗೊತ್ತಾಗುತ್ತೆ. ನಾನು ನೋಡೋ ಹೆಚ್ಚಿನ ಡೈರಿಗಳಲ್ಲಿ "ಇಂದು ಸ್ಲ್ಯಾಬ್ ಕಾಂಕ್ರೀಟ್ ಕೆಲಸ ವೀಕ್ಷಿಸಲಾಯಿತು" ಅಂತ ಒಂದೇ ಸಾಲು, ಕೆಳಗೆ ಸೀಲು, ಸೈನು. ಹೋದ ವರ್ಷ ಒಂದು ಹುಡುಗಿ ಡೈರಿ ನೋಡಿದೆ, 1000 ಚದರಡಿ, 5 ಇಂಚು ಸ್ಲ್ಯಾಬು, ಸುಮಾರು 12 ಕ್ಯೂಬಿಕ್ ಮೀಟರ್, ಐಎಸ್ 456 (ಕಾಂಕ್ರೀಟಿನ ಮಾನದಂಡ) ಪ್ರಕಾರ 2 ಸ್ಯಾಂಪಲ್ ಬೇಕು, ಬಲ ಪರೀಕ್ಷೆಗೆ 6 ಕ್ಯೂಬ್ ತುಂಬಿದ್ವಿ, ತಾರೀಖು ನಾನೇ ಕೆತ್ತಿದೆ ಅಂತ ಬರೆದಿದ್ಲು. ಅದರ ಕೆಳಗೆ ಹಿಂಗಿತ್ತು (ಸ್ಲಂಪ್ ಅಂದ್ರೆ ಕಾಂಕ್ರೀಟ್ ಎಷ್ಟು ಸಡಿಲ ಇದೆ ಅನ್ನೋ ಅಳತೆ, ಗಟ್ಟಿ ಇದೆ ಅಂತ ಸೈಟಲ್ಲಿ ನೀರು ಬಿಟ್ರೆ ಬಲ ಕಮ್ಮಿ ಆಗುತ್ತೆ): "2:40ಕ್ಕೆ ಎರಡನೇ ಗಾಡಿ ಬಂತು. ಸ್ಲಂಪ್ 60 ಮಾತ್ರ. ಮೇಸ್ತ್ರಿ ಪೈಪ್ ಹಿಡಿದು ನೀರು ಬಿಡೋಕೆ ಹೋದ್ರು, ಬೇಡ ಅಂದೆ, ಬೈದ್ರು. ಪ್ಲಾಂಟಿಗೆ ಫೋನ್ ಮಾಡಿದೆ." ಅವಳ ಸಿಜಿಪಿಎ ಎಷ್ಟು ಅಂತ ನಾನು ಕೇಳ್ಲಿಲ್ಲ, ಕೆಲಸಕ್ಕೆ ಯಾವಾಗ ಬರ್ತೀಯಮ್ಮಾ ಅಂತ ಕೇಳಿದೆ.