‘ನನ್ನ ಕೈಲಾಗುತ್ತೆ’: ಹಿರಿಯರ ಊಟ, ತೂಕ ಮತ್ತು ಸೆಲ್ಫ್ ಎಫಿಕಸಿ

ರಾತ್ರಿ ಒಂಬತ್ತೂವರೆ. ಊಟ ಆಗಿದೆ, ಹೊಟ್ಟೆ ತುಂಬಿದೆ. ಮನೆಯಲ್ಲಿ ಒಬ್ಬರೇ, ಟಿವಿ ಓಡುತ್ತಿದೆ. ಕೈ ತಾನಾಗಿ ತಿಂಡಿ ಡಬ್ಬಿಯ ಮುಚ್ಚಳಕ್ಕೆ ಹೋಗುತ್ತದೆ. ಆ ಗಳಿಗೆಯಲ್ಲಿ ‘ಈಗ ಬೇಡ’ ಎಂದು ಕೈ ಹಿಂದೆ ತೆಗೆಯಬಲ್ಲೆ ಅನ್ನುವ ನಂಬಿಕೆ ಎಷ್ಟಿದೆ? ಮನಶ್ಶಾಸ್ತ್ರದಲ್ಲಿ ಈ ನಂಬಿಕೆಗೆ ಸೆಲ್ಫ್ ಎಫಿಕಸಿ ಎನ್ನುತ್ತಾರೆ. ಸ್ವಸಾಮರ್ಥ್ಯದ ನಂಬಿಕೆ ಅಂತಲೂ ಹೇಳಬಹುದು. ನನಗೆ ಮಾತ್ರ ‘ನನ್ನ ಕೈಲಾಗುತ್ತೆ’ ಅನ್ನೋದೇ ಸರಿಯಾದ ಕನ್ನಡ ಅನಿಸುತ್ತದೆ.

1977ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ ಈ ವಿಚಾರವನ್ನು ಸಿದ್ಧಾಂತವಾಗಿ ಮುಂದಿಟ್ಟರು. ಇದು ಸಾಮಾನ್ಯ ಆತ್ಮವಿಶ್ವಾಸ ಅಲ್ಲ. ಇಡೀ ಸಂಸಾರವನ್ನು ದಡ ಸೇರಿಸಿದ ಧೈರ್ಯವಂತರೂ ಆ ಡಬ್ಬಿಯ ಮುಂದೆ ಸೋಲಬಹುದು. ಇಂಥ ಹೊತ್ತಿನಲ್ಲಿ, ಇಂಥ ಕೆಲಸ ನನ್ನಿಂದ ಆಗುತ್ತದೆಯೇ? ಪ್ರಶ್ನೆ ಇಷ್ಟೇ.

ತಿನ್ನುವ ವಿಷಯದಲ್ಲಿ ಈ ನಂಬಿಕೆಯನ್ನು ಅಳೆಯಲು 1991ರಲ್ಲಿ ಬಂದ ಒಂದು ಪ್ರಶ್ನಾವಳಿ ಇದೆ. 20 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 9ರವರೆಗೆ ಅಂಕ. ಅದು ಐದು ಬಗೆಯ ಸಂದರ್ಭಗಳನ್ನು ಕೇಳುತ್ತದೆ: ಬೇಸರ ಅಥವಾ ಆತಂಕ, ತಿನಿಸು ಕೈಗೆಟುಕುವಂತೆ ಇರುವುದು, ಬೇರೆಯವರ ಒತ್ತಾಯ, ಮೈ ನೋವು ಅಥವಾ ಸುಸ್ತು, ಟಿವಿ ನೋಡುತ್ತಾ ಓದುತ್ತಾ ಹಾಯಾಗಿರುವ ಹೊತ್ತು. ಒಬ್ಬರೇ ಒಂದು ಕಡೆ 8, ಇನ್ನೊಂದು ಕಡೆ 2 ಕೊಡಬಹುದು. ಆ 2 ಎಲ್ಲಿ ಬಿತ್ತು ಅಂತ ತಿಳಿದರೆ ಅರ್ಧ ಕೆಲಸ ಆದಂತೆ. ಸುಮ್ನೆ ‘ಬಾಯಿ ಕಟ್ಟಿ’ ಅನ್ನುವವರಿಗೆ ಇದು ಕಾಣುವುದೇ ಇಲ್ಲ.

ಹಿರಿಯರಲ್ಲಿ ಈ ಅಂಕ ಇಳಿಯಲು ಬೇರೆಯೇ ಕಾರಣಗಳಿರುತ್ತವೆ. ಮೂವತ್ತು ವರ್ಷ ಡಯಟ್ ಹಿಡಿದು ಬಿಟ್ಟು ಸಾಕಾಗಿರುತ್ತದೆ. ಮಂಡಿ ನೋವಿಗೆ ನಿದ್ದೆ ಬರುವುದಿಲ್ಲ. ಸಂಗಾತಿ ಹೋದ ಮೇಲೆ ಸಂಜೆಗಳು ಉದ್ದವಾಗಿರುತ್ತವೆ. ಇನ್ನೊಂದು ವಿಷಯ, ಜಾಸ್ತಿ ಜನ ಗಮನಿಸದ್ದು: ಎಷ್ಟೋ ಮನೆಗಳಲ್ಲಿ ಬಡಿಸುವ ಸೌಟು ಅವರ ಕೈಯಲ್ಲಿ ಇರುವುದೇ ಇಲ್ಲ. ಹಾಗಾಗಿ ಪ್ರೀತಿಯಿಂದ ಬಡಿಸುವವರಿಗೆ ‘ಅರ್ಧ ಸಾಕು’ ಎಂದು ಹೇಳುವ ಧೈರ್ಯವೂ ಇದರದೇ ಭಾಗ.

ಈ ನಂಬಿಕೆ ಬೆಳೆಯಲು ಬಂಡೂರ ನಾಲ್ಕು ದಾರಿ ಹೇಳಿದರು. ನಮ್ಮಂಥವರು ಮಾಡಿದ್ದನ್ನು ನೋಡುವುದು, ನಂಬಿಕಸ್ಥರ ಮಾತು, ಮೈಮನಸ್ಸಿನ ಸ್ಥಿತಿ, ಇವು ಮೂರು. ಎಲ್ಲಕ್ಕಿಂತ ಬಲವಾದದ್ದು ನಾವೇ ಮಾಡಿ ಗೆದ್ದ ಅನುಭವ. ಅದಕ್ಕೇ ‘ಹತ್ತು ಕೆಜಿ ಇಳಿಸಬೇಕು’ ಎಂದು ಹೊರಡುವುದಕ್ಕಿಂತ, ಈ ವಾರ ಡಬ್ಬಿಯನ್ನು ಟಿವಿ ಪಕ್ಕದಿಂದ ಒಳಗಿನ ಕಪಾಟಿಗೆ ಸಾಗಿಸುವುದು ಮೇಲು. ನಾಲ್ಕು ದಿನ ಗೆದ್ದರೆ ಐದನೆಯ ದಿನಕ್ಕೆ ಅದೇ ಸಾಕ್ಷಿ. ಒಂದು ದಿನ ತಪ್ಪಿದರೆ ಆ ನಾಲ್ಕು ದಿನ ಸುಳ್ಳಾಗುವುದಿಲ್ಲ, ಅಲ್ವಾ?

ಒಂದು ಎಚ್ಚರ ಬೇಕು. ವಯಸ್ಸಾದವರಲ್ಲಿ ತೂಕ ಇಳಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಬಿದ್ದು ಏಳುವ ಶಕ್ತಿ ಕುಗ್ಗುತ್ತದೆ. ಊಟ ಕಡಿಮೆ ಮಾಡುವ ಮೊದಲೇ ಪ್ರೋಟೀನ್ ಮತ್ತು ಸ್ನಾಯು ಬಲದ ವ್ಯಾಯಾಮದ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. ಏನೂ ಪ್ರಯತ್ನ ಮಾಡದೆ 6ರಿಂದ 12 ತಿಂಗಳಲ್ಲಿ ಶೇ. 5ರಷ್ಟು, ಅಂದರೆ 70 ಕೆಜಿಯವರಲ್ಲಿ ಮೂರೂವರೆ ಕೆಜಿ, ಇಳಿದಿದ್ದರೆ ಖುಷಿಪಡಬೇಡಿ. ತಡ ಮಾಡದೆ ತೋರಿಸಿ.