ಹರಿಯದ ಜೆಲ್ಲಿಯಲ್ಲಿ ಕ್ಯಾಲ್ಸಿಯಂನ ಕೆಲಸ

"ನ್ಯಾಚುರಲ್ ಅಂದ್ರೆ ಒಳ್ಳೆಯದು, ಕೆಮಿಕಲ್ ಅಂದ್ರೆ ವಿಷ." ಈ ಮಾತು ಕೇಳಿದಾಗಲೆಲ್ಲ ನನಗೆ ಚೈನಾ ಗ್ರಾಸ್ ನೆನಪಾಗುತ್ತದೆ. ಕಡಲ ಪಾಚಿಯಿಂದ ಬಂದದ್ದು, ಪಕ್ಕಾ ನ್ಯಾಚುರಲ್. ಅದರ ಜೆಲ್ಲಿಯನ್ನು ಎರಡೂ ಕಡೆ ಹಿಡಿದು ಎಳೆಯಿರಿ, ಪಟಕ್ಕನೆ ಹರಿಯುತ್ತದೆ. ತಿನ್ನಲು ಚೆನ್ನ. ಮೊಣಕಾಲಿನಲ್ಲಿ ಸವೆದ ಮೃದ್ವಸ್ಥಿಯ ಜಾಗದಲ್ಲಿ ಇಟ್ಟರೆ ಒಂದು ಹೆಜ್ಜೆಗೂ ಬಾಳದು.

ಹೀಗೆ ನೀರು ಹಿಡಿದಿಟ್ಟುಕೊಳ್ಳುವ ಪಾಲಿಮರ್ (ಉದ್ದನೆಯ ಸರಪಳಿಯಂಥ ಅಣುಗಳ) ಬಲೆಗೆ ಹೈಡ್ರೊಜೆಲ್ ಎನ್ನುತ್ತಾರೆ. ಪೂರ್ತಿ ಕೆಮಿಕಲ್ ಆದದ್ದೂ ಇದೆ. 1961ರ ಕ್ರಿಸ್‌ಮಸ್ ಹೊತ್ತಿಗೆ ಪ್ರಾಗ್‌ನ ರಸಾಯನ ತಜ್ಞ ಒಟ್ಟೊ ವಿಖ್ಟರ್ಲೆ ಮನೆಯಲ್ಲೇ ಕೂತು, ಮೆರ್ಕುರ್ ಎಂಬ ಮಕ್ಕಳ ಆಟಿಕೆಯ ಬಿಡಿಭಾಗಗಳಿಗೆ ಸೈಕಲ್ ಡೈನಮೊ ಜೋಡಿಸಿ ಒಂದು ಯಂತ್ರ ಮಾಡಿದರು. ಅದರಲ್ಲಿ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಎರಕ ಹೊಯ್ದರು. ಕೆಮಿಕಲ್ ಅಂದರೆ ಹೆದರುವವರೂ ಇಂಥ ಲೆನ್ಸನ್ನು ಕಣ್ಣಿಗೇ ಹಾಕಿಕೊಳ್ತಾರೆ, ಅಲ್ವಾ?

ನಿಜವಾದ ಮಜಾ ಇರುವುದು ಎರಡನ್ನೂ ಬೆರೆಸಿದಾಗ. 2012ರಲ್ಲಿ ಹಾರ್ವರ್ಡ್‌ನ ಝಿಗಾಂಗ್ ಸುವೊ ಮತ್ತು ಜೊತೆಗಾರರು ಆಲ್ಜಿನೇಟನ್ನು ಪಾಲಿಅಕ್ರಿಲಮೈಡ್ ಜೊತೆ ಸೇರಿಸಿದರು. ಆಲ್ಜಿನೇಟ್ ಕಂದು ಪಾಚಿಯದು. ಸ್ಕಾಟ್ಲೆಂಡಿನ ಪಾಚಿಯ ಬೆನ್ನು ಬಿದ್ದಿದ್ದ ಸ್ಟಾನ್‌ಫರ್ಡ್ ಎಂಬ ರಸಾಯನ ತಜ್ಞ 1880ರ ದಶಕದಲ್ಲೇ ಅದನ್ನು ಬೇರ್ಪಡಿಸಿದ್ದ. ಪಾಲಿಅಕ್ರಿಲಮೈಡ್ ಕಾರ್ಖಾನೆಯದು. ಬರೀ ಆಲ್ಜಿನೇಟ್ ಜೆಲ್ ತನ್ನ ಉದ್ದದ 1.2 ಪಟ್ಟಿಗೇ ಹರಿಯುತ್ತದೆ. ಮಿಶ್ರಣ ಮಾತ್ರ 20 ಪಟ್ಟಿಗೂ ಜಾಸ್ತಿ ಹಿಗ್ಗಿತು. ಕತ್ತರಿಯ ಗಾಯ ಮಾಡಿ ಎಳೆದರೂ 17 ಪಟ್ಟು! ಅದರಲ್ಲಿ ಸುಮಾರು 90% ಬರೀ ನೀರು ಎಂಬುದು ನೆನಪಿರಲಿ.

ಹೇಗೆ? ಒಂದು ಬಟ್ಟೆಗೆ ಹೊಲಿಗೆಯೂ ಇದೆ, ಮೈತುಂಬ ಟಿಚ್ ಬಟನ್ನೂ ಇವೆ ಎಂದುಕೊಳ್ಳಿ. ಆಲ್ಜಿನೇಟ್ ಎಳೆಗಳಲ್ಲಿ ಋಣ ಆವೇಶವಿದೆ. ಧನ ಆವೇಶದ ಕ್ಯಾಲ್ಸಿಯಂ ಅಯಾನು ಎರಡು ಎಳೆಗಳ ನಡುವೆ ಸಿಕ್ಕಿ ಅವನ್ನು ಹಿಡಿದಿರುತ್ತದೆ. ಇದು ಟಿಚ್ ಬಟನ್. ಜೋರಾಗಿ ಎಳೆದರೆ ಬಿಡುತ್ತದೆ, ಸಡಿಲ ಬಿಟ್ಟರೆ ಮತ್ತೆ ಒಂದಷ್ಟು ಕೂಡುತ್ತದೆ. ಪಾಲಿಅಕ್ರಿಲಮೈಡ್‌ನ ಕೋವೇಲೆಂಟ್ ಬಂಧ, ಅಂದರೆ ಸುಲಭಕ್ಕೆ ಬಿಡದ ಗಟ್ಟಿ ಬಂಧ, ಹೊಲಿಗೆ. ಮಾಮೂಲಿ ಜೆಲ್ಲಿಯಲ್ಲಿ ಬಿರುಕಿನ ತುದಿಯಲ್ಲಿರುವ ಕೆಲವೇ ಎಳೆಗಳ ಮೇಲೆ ಭಾರವೆಲ್ಲ ಬೀಳುತ್ತದೆ. ಅವು ತುಂಡಾದರೆ ಮುಂದಿನವು, ಆಮೇಲೆ ಅದರ ಮುಂದಿನವು. ಮಿಶ್ರ ಜೆಲ್ಲಿನಲ್ಲಿ ಬಿರುಕಿನ ಸುತ್ತ ವಿಶಾಲ ಜಾಗದಲ್ಲಿ ಬಟನ್‌ಗಳು ಒಂದೊಂದೇ ಬಿಚ್ಚುತ್ತವೆ. ಪ್ರತಿ ಬಟನ್ ಬಿಚ್ಚಲೂ ಶಕ್ತಿ ಬೇಕು. ಎಳೆದ ಶಕ್ತಿಯ ಬಹುಪಾಲು ಅಲ್ಲೇ ಖರ್ಚು. ಅಷ್ಟು ಹೊತ್ತು ಹೊಲಿಗೆ ಗಟ್ಟಿ ನಿಂತಿರುತ್ತದೆ. ಹರಿಯಲು ಬೇಕಾದ ಶಕ್ತಿ ಚದರ ಮೀಟರಿಗೆ ಸುಮಾರು 9,000 ಜೂಲ್. ನಮ್ಮ ಮೃದ್ವಸ್ಥಿಗೆ ಸುಮಾರು 1,000.

2017ರಲ್ಲಿ ಇದೇ ಜೆಲ್ಲಿಗೆ, ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೊಸಾನ್‌ನಂಥ ಅಂಟಿನ ಪದರ ಸೇರಿಸಿ, ರಕ್ತ ಮೆತ್ತಿದ ಹಂದಿಯ ಹೃದಯಕ್ಕೂ ಅಂಟಿಸಿ ತೋರಿಸಿದರು. ಐಡಿಯಾ ಕೊಟ್ಟದ್ದು ಒಂದು ಜಾತಿಯ ಚಿಪ್ಪಿಲ್ಲದ ಬಸವನಹುಳುವಿನ ಲೋಳೆ. ಇನ್ನು "ವಿಷ" ಎನ್ನುವವರ ಮಾತಿನಲ್ಲಿ ಒಂದು ಪಾಲು ನಿಜ: ಪಾಲಿಮರ್ ಆಗದೆ ಉಳಿದ ಅಕ್ರಿಲಮೈಡ್ ನರಗಳಿಗೆ ಕೆಟ್ಟದ್ದು. ಅದನ್ನು ತೊಳೆದು ತೆಗೆಯಲೇಬೇಕು.

ಇದೇ ಕ್ಯಾಲ್ಸಿಯಂ ಹೊಲದಲ್ಲಿ ಉಲ್ಟಾ ಆಟ ಆಡುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೊಜೆಲ್, ಅಂದರೆ ಮಣ್ಣಿನಲ್ಲಿ ನೀರು ಹಿಡಿದಿಡಲು ಹಾಕುವ ಪುಡಿ, ಕೂಡ ಮಿಶ್ರ ಜಾತಿಯದೇ. ಗಿಡದ ಸೆಲ್ಯುಲೋಸ್ ಮೇಲೆ ಪಾಲಿಅಕ್ರಿಲೇಟ್ ಕಸಿ. ತೂಕದ 350 ಪಟ್ಟು ನೀರು ಕುಡಿಯುತ್ತದೆ ಎನ್ನುವುದು ಶುದ್ಧ ನೀರಿನ ಲೆಕ್ಕ. ಪಾಲಿಅಕ್ರಿಲೇಟ್ ಎಳೆಗಳ ಋಣ ಆವೇಶಗಳು ಒಂದನ್ನೊಂದು ತಳ್ಳುವುದರಿಂದಲೂ ಬಲೆ ಉಬ್ಬುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಆ ಎಳೆಗಳನ್ನು ಕಟ್ಟಿಹಾಕುತ್ತದೆ, ಬಲೆ ಅಷ್ಟಾಗಿ ಅರಳುವುದಿಲ್ಲ. ಹಾಗಾಗಿ ಬಯಲುಸೀಮೆಯ ರೈತರು ಎಕರೆಗಟ್ಟಲೆ ಹಾಕುವ ಮೊದಲು, ಒಂದು ಚಮಚ ಪುಡಿಯನ್ನು ತಮ್ಮ ಬೋರ್‌ವೆಲ್ ನೀರಿನಲ್ಲೇ ನೆನೆಹಾಕಿ, ಎಷ್ಟು ಉಬ್ಬುತ್ತದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.