ಮನೆಯಲ್ಲೊಂದು ನಾಯಿ ಇದೆ, ಇನ್ನೊಂದು ತಂದರೆ ಹೊಂದಿಕೊಳ್ಳುತ್ತಾ?

ಪ್ರಶ್ನೆ: ನಮ್ಮದು ಹೊಸನಗರ ಕಡೆ ತೋಟದ ಮನೆ. ನಾಲ್ಕು ವರ್ಷದ ಹೆಣ್ಣು ನಾಯಿ ಇದೆ, ನಾಟಿ. ಮರಿಯಾಗದ ಹಾಗೆ ಆಪರೇಶನ್ ಮಾಡಿಸಿಲ್ಲ. ಹೋದ ತಿಂಗಳು ಪಕ್ಕದ ಮನೆಯ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಯಿತು. ಅವತ್ತಿನಿಂದ ಇನ್ನೊಂದು ನಾಯಿ ಇದ್ದರೆ ಒಳ್ಳೆಯದು ಅಂತ ಮನೆಯವರೆಲ್ಲ ಹೇಳುತ್ತಿದ್ದಾರೆ. ಗಂಡು ತರೋದಾ, ಹೆಣ್ಣು ತರೋದಾ? ಮರಿಯೇ ಬೇಕಾ? ನಮ್ಮ ನಾಯಿ ಅದನ್ನು ಸೇರಿಸಿಕೊಳ್ಳುತ್ತಾ?

ಮಳೆ ಕಡಿಮೆಯಾಗಿ ಊರ ನಾಯಿಗಳು ಮರಿ ಹಾಕುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ಗಂಡು ತನ್ನಿ. ಅದಕ್ಕೂ ಮೊದಲು ಈಗಿರುವ ಹೆಣ್ಣಿಗೆ ಆಪರೇಶನ್ ಮಾಡಿಸಿ. ಮರಿಯಾದರೂ ಸರಿ, ಸ್ವಲ್ಪ ದೊಡ್ಡದಾದರೂ ಸರಿ, ಆದರೆ ನಿಮ್ಮ ನಾಯಿ ಅದನ್ನು ಒಮ್ಮೆ ನೋಡಿದ ಮೇಲೆ ತೀರ್ಮಾನ ಮಾಡಿ. ಆರಿಸಬೇಕಾದ್ದು ನಿಮ್ಮ ನಾಯಿಗೆ ಒಗ್ಗುವ ನಾಯಿಯನ್ನು. ನಿಮಗೆ ಚೆಂದ ಕಂಡದ್ದು ಆಮೇಲಿನ ಮಾತು.

ಚಿರತೆಯ ವಿಷಯ ಮೊದಲು ಮುಗಿಸೋಣ. ಎರಡು ನಾಯಿ ಇದ್ದರೆ ಚಿರತೆ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇದೆ. ದಯವಿಟ್ಟು ಅದನ್ನು ನಂಬಬೇಡಿ. ಚಿರತೆಗೆ ನಾಯಿ ಎಂದರೆ ಸುಲಭದ ಬೇಟೆ. ರಾತ್ರಿ ಅಂಗಳದಲ್ಲಿ ಕಟ್ಟಿ ಹಾಕಿದ ನಾಯಿಗೆ ಓಡುವುದಕ್ಕೂ ಆಗುವುದಿಲ್ಲ. ಒಂದಿರಲಿ, ಎರಡಿರಲಿ, ಕತ್ತಲಾದ ಮೇಲೆ ಬಾಗಿಲು ಹಾಕುವ ಜಾಗದಲ್ಲಿ ಮಲಗಿಸಿ. ಬಚ್ಚಲು ಕೋಣೆ, ಸೌದೆ ಕೊಟ್ಟಿಗೆ, ಗಟ್ಟಿ ಜಾಲರಿ ಹಾಕಿದ ಗೂಡು, ಯಾವುದಾದರೂ ಆದೀತು. ಕಾವಲಿಗೆ ಅಂತಲೇ ಎರಡನೆಯದು ಬೇಕೆಂದಿದ್ದರೆ, ಆ ಕೆಲಸವನ್ನು ಒಂದು ಗಟ್ಟಿ ಬಾಗಿಲು ಮಾಡುತ್ತದೆ. ಜೊತೆಗೊಂದು ಜೀವ ಇರಲಿ ಅಂತಿದ್ದರೆ ಮುಂದೆ ಓದಿ.

ಗಂಡು ಯಾಕೆ? ಇದನ್ನು ನಮ್ಮ ಮನೆಯ ಕತೆಯಿಂದಲೇ ಹೇಳಬೇಕು.

ನಮ್ಮದು ತೀರ್ಥಹಳ್ಳಿ ಕಡೆ. ಚುಕ್ಕಿ ಅಂತ ಒಂದು ಹೆಣ್ಣು ನಾಯಿ ಇತ್ತು. ಅದಕ್ಕೆ ಮೂರೂವರೆ ವರ್ಷ ಇರುವಾಗ ನೆಂಟರ ಮನೆಯಿಂದ ಇನ್ನೊಂದು ಹೆಣ್ಣು ಮರಿ ತಂದೆವು. ಕೆಂಪಿ ಅಂತ ಹೆಸರಿಟ್ಟೆವು. ಮೊದಲ ವರ್ಷ ಎರಡೂ ಚೆನ್ನಾಗಿಯೇ ಇದ್ದವು. ಕೆಂಪಿ ಚುಕ್ಕಿಯ ಕಿವಿ ಹಿಡಿದು ಜಗ್ಗುತ್ತಿತ್ತು, ಚುಕ್ಕಿ ಸುಮ್ನೆ ಮಲಗಿರುತ್ತಿತ್ತು. ಕೆಲವೊಮ್ಮೆ ಗುರ್ ಎನ್ನುತ್ತಿತ್ತು. ಹಾಗೆ ಗುರ್ ಅಂದಾಗಲೆಲ್ಲ ನಾವು ಚುಕ್ಕಿಯನ್ನೇ ಗದರುತ್ತಿದ್ದೆವು. "ಚಿಕ್ಕದು ಅದು, ಸುಮ್ನಿರೆ" ಅಂತ. ಬರುಬರುತ್ತಾ ಚುಕ್ಕಿ ಗುರ್ ಎನ್ನುವುದನ್ನೇ ಬಿಟ್ಟಿತು. ಹೊಂದಿಕೊಂಡಿತು ಎಂದು ನಾವು ತಿಳಿದೆವು.

ಕೆಂಪಿಗೆ ಒಂದೂವರೆ ವರ್ಷ ಆಗಿತ್ತು. ಆಷಾಢದ ಮಳೆ, ಮೂರು ದಿನದಿಂದ ಕರೆಂಟಿಲ್ಲ. ಅಮ್ಮ ಬಚ್ಚಲು ಒಲೆಗೆ ಬೆಂಕಿ ಹಾಕಿದ್ದರು. ಒಲೆಯ ಮುಂದೆ ಬೂದಿ ಬಾಚುವ ಜಾಗದಲ್ಲಿ ಒಂದು ಗೋಣಿಚೀಲ, ಅದು ಚುಕ್ಕಿಯದು. ಅವತ್ತು ಅದರ ಮೇಲೆ ಕೆಂಪಿ ಮಲಗಿತ್ತು. ಚುಕ್ಕಿ ಮಳೆಯಲ್ಲಿ ನೆಂದು ಬಂದು ಬಾಗಿಲಲ್ಲಿ ನಿಂತಿತು. ಬೊಗಳಲಿಲ್ಲ, ಗುರ್ ಎನ್ನಲಿಲ್ಲ. ಬಾಯಿ ಮುಚ್ಚಿ, ಬಾಲ ನೆಟ್ಟಗೆ ಮಾಡಿ, ಮರದ ಹಾಗೆ ನಿಂತಿತು ಅಷ್ಟೇ. ಕೆಂಪಿಯೂ ತಲೆ ಎತ್ತಿ ನೋಡಿತು. ಮರುಕ್ಷಣ ಎರಡೂ ಒಂದರ ಮೇಲೊಂದು ಬಿದ್ದಿದ್ದವು. ಬಿಡಿಸಲು ಹೋದ ಅಮ್ಮನ ಮಣಿಕಟ್ಟಿಗೆ ಹಲ್ಲು ನಾಟಿತು. ಅಪ್ಪಯ್ಯ ಹಂಡೆಯ ಪಕ್ಕ ಇದ್ದ ತಣ್ಣೀರಿನ ಬಕೆಟ್ಟನ್ನೇ ಎತ್ತಿ ಮೇಲೆ ಸುರಿದಾಗ ಬಿಟ್ಟವು. ಕೆಂಪಿಯ ಕಿವಿ ಸೀಳಿತ್ತು.

ಆಮೇಲೆ ಅವೆರಡು ಒಂದಾಗಲೇ ಇಲ್ಲ. ನಾಲ್ಕು ತಿಂಗಳು ಒಂದನ್ನು ಬಿಟ್ಟಾಗ ಇನ್ನೊಂದನ್ನು ಕಟ್ಟಿದೆವು. ಕೊನೆಗೆ ಕೆಂಪಿಯನ್ನು ಅತ್ತೆಯ ಮನೆಗೆ ಕಳಿಸಬೇಕಾಯಿತು. ಜೀಪು ಹತ್ತಿಸುವಾಗ ಅದು ನನ್ನ ಕಡೆ ನೋಡುತ್ತಲೇ ಇತ್ತು. ತಪ್ಪು ಎರಡು ನಾಯಿಯದೂ ಅಲ್ಲ, ನಮ್ಮದು.

ನಾಯಿಗಳಲ್ಲಿ ಗಂಡು ಹೆಣ್ಣಿನ ಜೋಡಿ ಹೊಂದಿಕೊಂಡಷ್ಟು ಸುಲಭವಾಗಿ ಒಂದೇ ಲಿಂಗದ ಜೋಡಿ ಹೊಂದಿಕೊಳ್ಳುವುದಿಲ್ಲ. ಅದರಲ್ಲೂ ಒಂದೇ ಮನೆಯ ಎರಡು ಹೆಣ್ಣುಗಳ ಜಗಳ ಶುರುವಾದರೆ ಬೇಗ ಆರುವುದಿಲ್ಲ. ಜೊತೆಯಾಗಿ ಹಾಯಾಗಿರುವ ಎರಡು ಹೆಣ್ಣು ನಾಯಿಗಳೂ ಇವೆ, ಇಲ್ಲ ಅನ್ನುತ್ತಿಲ್ಲ. ಆದರೆ ನಿಮಗೆ ಆರಿಸುವ ಅವಕಾಶ ಇರುವಾಗ ಯಾಕೆ ಕಷ್ಟದ ದಾರಿ ಹಿಡಿಯಬೇಕು? ಇನ್ನೊಂದು ಮಾತು. ಮರಿಯಾಗಿದ್ದಾಗ ದೊಡ್ಡ ನಾಯಿಗಳು ಎಲ್ಲವನ್ನೂ ಸಹಿಸುತ್ತವೆ. ಆ ವಿನಾಯಿತಿ ನಾಲ್ಕೈದು ತಿಂಗಳಿಗೆ ಕಡಿಮೆಯಾಗುತ್ತದೆ. ನಿಜವಾದ ಪರೀಕ್ಷೆ ಮರಿಗೆ ಒಂದರಿಂದ ಮೂರು ವರ್ಷ ಆಗುವ ನಡುವೆ. "ಮರಿ ತಂದು ಆರು ತಿಂಗಳಾಯ್ತು, ಏನೂ ತೊಂದರೆ ಇಲ್ಲ" ಅನ್ನುವವರಿಗೆ ನಾನು ಹೇಳುವುದು ಇದನ್ನೇ, ಇನ್ನೂ ಕಣ್ಣಿಟ್ಟಿರಿ.

ನಾಯಿ ಗುರ್ ಅಂದರೆ ಗದರಬೇಡಿ. ಗುರ್ ಎನ್ನುವುದು ಅದರ ಮಾತು. "ಇಷ್ಟು ಸಾಕು, ದೂರ ಹೋಗು" ಎಂದು ಹೇಳುತ್ತಿದೆ. ಆ ಮಾತಿಗೆ ಏಟು ಸಿಕ್ಕಿದರೆ ನಾಯಿ ಮಾತು ಬಿಡುತ್ತದೆ, ಸಿಟ್ಟು ಬಿಡುವುದಿಲ್ಲ. ಗುರ್ ಅಂದಾಗ ಮರಿಯನ್ನು ಕರೆದು ಬೇರೆ ಕಡೆ ಒಯ್ಯಿರಿ. ಅಷ್ಟು ಸಾಕು.

ಗಂಡು ತರುವುದಾದರೆ ಆಪರೇಶನ್ ಮಾತು ತಪ್ಪಿಸಿಕೊಳ್ಳುವಂತಿಲ್ಲ. ಹೆಣ್ಣು ನಾಯಿ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಎರಡು ಮೂರು ವಾರ ಇರುತ್ತದೆ. ಆ ಹೊತ್ತಿನಲ್ಲಿ ಅಕ್ಕಪಕ್ಕದ ಊರಿನ ಗಂಡುಗಳೆಲ್ಲ ನಿಮ್ಮ ಅಂಗಳದಲ್ಲಿರುತ್ತವೆ, ನಿಮಗೇ ಗೊತ್ತಿರುತ್ತದೆ. ಮನೆಯೊಳಗೇ ಒಂದು ಗಂಡಿದ್ದರೆ ತಡೆಯುವುದು ಆಗದ ಮಾತು. ಸುಮಾರು 63 ದಿನಕ್ಕೆ ಮರಿ. ಘಾಟಿ ರಸ್ತೆ ಬದಿಯಲ್ಲಿ, ಸಂತೆ ಮಾಳದಲ್ಲಿ ರಟ್ಟಿನ ಡಬ್ಬಿಯಲ್ಲಿ ಬಿಟ್ಟು ಹೋದ ಮರಿಗಳನ್ನು ನೋಡಿದ್ದೀರಲ್ವಾ? ಎಲ್ಲವೂ ಹೀಗೆ ಯಾರದೋ ಮನೆಯಲ್ಲಿ ಹುಟ್ಟಿದವೇ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಅನುಕೂಲ ಇಲ್ಲದಿದ್ದರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ಕೇಳಿ ನೋಡಿ. ಬೆದೆಯಲ್ಲಿದ್ದಾಗ ಮಾಡಿಸುವುದು ಬೇಡ, ಅದು ಕಳೆದು ಎರಡು ಮೂರು ತಿಂಗಳು ಆಗಲಿ. ಜೋರು ಮಳೆಗಾಲವನ್ನೂ ತಪ್ಪಿಸಿ. ನಮ್ಮ ಕಡೆಯ ಥಂಡಿಗೆ ಹೊಲಿಗೆ ಹಾಕಿದ ಜಾಗ ಒಣಗಿಸಿಕೊಳ್ಳುವುದೇ ಕಷ್ಟ. ಗಂಡಿಗೂ ಪ್ರಾಯಕ್ಕೆ ಬಂದಾಗ ಮಾಡಿಸಿ. ಗಂಡಿಗೆ ಆಪರೇಶನ್ ಆದ ಮೇಲೂ ಕೆಲವು ವಾರ ಮರಿ ಹುಟ್ಟಿಸುವ ಶಕ್ತಿ ಉಳಿದಿರುತ್ತದೆ, ಅದು ನೆನಪಿರಲಿ.

ಮರಿಯೇ ಬೇಕಾ ಅಂತ ಕೇಳಿದ್ದೀರಿ. ನಿಮ್ಮ ನಾಯಿಗೆ ನಾಲ್ಕು ವರ್ಷ, ಒಳ್ಳೆಯ ವಯಸ್ಸು. ಮರಿಯ ಕಾಟ ತಡೆಯುವ ಶಕ್ತಿ ಇದೆ, ಮನೆಯ ರೀತಿ ನೀತಿಯೂ ಗೊತ್ತಿದೆ. ಹನ್ನೆರಡು ವರ್ಷದ, ಕಾಲು ನೋವಿರುವ ನಾಯಿಯಾಗಿದ್ದರೆ ಮರಿ ಬೇಡವೇ ಬೇಡ ಎನ್ನುತ್ತಿದ್ದೆ. ಮರಿಯಾದರೆ ಎಂಟು ವಾರ ತುಂಬಿರಲಿ. ನಮ್ಮಲ್ಲಿ ತಿಂಗಳು ತುಂಬುವ ಮೊದಲೇ "ಅನ್ನ ತಿನ್ನುತ್ತೆ, ತಗೊಂಡು ಹೋಗಿ ಮಾರಾಯ್ರೆ" ಅನ್ನುತ್ತಾರೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ, ಯಾವಾಗ ಬಿಡಬೇಕು ಎನ್ನುವುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟುಗಳ ಜೊತೆ ಆಡುವಾಗ. ಆ ಪಾಠ ನಡೆಯುವ ವಾರಗಳಲ್ಲೇ ಎತ್ತಿಕೊಂಡು ಬಂದರೆ ಮುಂದೆ ನಿಮ್ಮ ನಾಯಿ ಆ ಪಾಠ ಹೇಳಬೇಕಾಗುತ್ತದೆ. ಆಗುವುದಾದರೆ ತಾಯಿಯನ್ನೂ ನೋಡಿ ಬನ್ನಿ. ತಾಯಿ ಜನರನ್ನೂ ಬೇರೆ ನಾಯಿಗಳನ್ನೂ ಹೇಗೆ ಎದುರುಗೊಳ್ಳುತ್ತದೆ ಎನ್ನುವುದು ಮರಿಯ ಬಗ್ಗೆ ಬಹಳ ಹೇಳುತ್ತದೆ. ಒಡಹುಟ್ಟಿದ ಎರಡು ಮರಿ ಒಟ್ಟಿಗೆ ತರುವುದು ಬೇಡ.

ತಳಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಧೋಳ ನಾಯಿ ಚೆಂದ, ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ಬೇಟೆ ನಾಯಿ. ಕೋಳಿ ಬಿಟ್ಟು ಸಾಕುವ ಮನೆಗೆ ಯೋಚಿಸಿ. ದಪ್ಪ ಕೂದಲಿನ ಹಸ್ಕಿ ನಮ್ಮ ಸೆಖೆಗೂ ಮಳೆಗಾಲದ ತೇವಕ್ಕೂ ಅಲ್ಲ. ನಾಟಿ ನಾಯಿಗೆ ನಾಟಿ ನಾಯಿಯೇ ಒಳ್ಳೆಯ ಜೊತೆ. ಎತ್ತರ, ಓಟ, ಆಟದ ರೀತಿ ಎಲ್ಲ ಹೊಂದುತ್ತದೆ.

ತರುವ ಮೊದಲು ನಿಮ್ಮ ನಾಯಿಗೆ ಜೊತೆ ಬೇಕಾ ಎನ್ನುವುದನ್ನೂ ನೋಡಿ. ಅಡಿಕೆ ಕೊನೆ ತೆಗೆಯುವ ಸಮಯದಲ್ಲಿ ಕೊನೆಗಾರರ ಹಿಂದೆ ಅವರ ನಾಯಿಯೂ ತೋಟಕ್ಕೆ ಬರುತ್ತದಲ್ವಾ? ಆಗ ನಿಮ್ಮದು ಏನು ಮಾಡುತ್ತದೆ? ಮೈ ಸಡಿಲ ಬಿಟ್ಟು, ಸುತ್ತು ಹಾಕಿ ಬಂದು ಹಿಂದಿನಿಂದ ಮೂಸಿ, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ಕುಣಿದರೆ ಅದು ಆಟಕ್ಕೆ ಕರೆಯುತ್ತಿದೆ. ಬೆನ್ನ ಕೂದಲು ನಿಮಿರಿಸಿ, ನೇರವಾಗಿ ದಿಟ್ಟಿಸಿ, ಅಲುಗದೆ ನಿಂತರೆ ಅದಕ್ಕೆ ಇಷ್ಟವಿಲ್ಲ. ನಾಲ್ಕಾರು ಸಲ ಹೀಗೇ ಆದರೆ ಒಂದೇ ನಾಯಿಯಾಗಿ ಸುಖವಾಗಿರಲು ಬಿಡಿ.

ಇನ್ನು ಕಾಯಿಲೆ. ಹೊಸ ಮರಿ ತಂದ ದಿನವೇ ಹಳೆಯದರ ಜೊತೆ ಬಿಡಬೇಡಿ. ಪಾರ್ವೋ ಎನ್ನುವ ರಕ್ತಭೇದಿ ಮರಿಯೊಳಗೆ ಸೇರಿ ಕೆಲವು ದಿನ ಕಾಣಿಸದೇ ಇರಬಹುದು. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಎರಡು ವಾರ ಬೇರೆ ಇಡಿ, ಪಾತ್ರೆಯೂ ಬೇರೆ. ಮರಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ನಿಮ್ಮ ನಾಯಿಯ ಲಸಿಕೆಯೂ ಬಾಕಿ ಇಲ್ಲದಂತೆ ನೋಡಿಕೊಳ್ಳಿ. ನಮ್ಮ ತೋಟಗಳಲ್ಲಿ ಇಲಿ ಜಾಸ್ತಿ. ಇಲಿ ಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ಮನುಷ್ಯರಿಗೂ ಬರಬಹುದು. ಅದರ ಲಸಿಕೆಯ ಬಗ್ಗೆಯೂ ಡಾಕ್ಟರರನ್ನು ಕೇಳಿ.

ಉಣುಗಿನ ಮಾತು ಮಲೆನಾಡಿನಲ್ಲಿ ಬೇರೆಯೇ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಕಾಡಿನ ಉಣುಗಿನಿಂದ. ಒಂದು ನಾಯಿ ಮನೆ ಸುತ್ತ ಇರುತ್ತದೆ. ಎರಡಾದರೆ ಒಂದಕ್ಕೊಂದು ಧೈರ್ಯ, ಮಂಗ, ಹಂದಿ ಅಂತ ಅಟ್ಟಿಸಿಕೊಂಡು ಕಾಡಿಗೆ ನುಗ್ಗುತ್ತವೆ. ಬರುವಾಗ ಮೈತುಂಬ ಉಣುಗು. ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಬಿಡದಿರುವುದು ಒಳ್ಳೆಯದು. ಉಣುಗಿನ ಔಷಧಿಯನ್ನು ಎರಡಕ್ಕೂ ಒಂದೇ ದಿನ ಹಾಕಿ. ಒಂದಕ್ಕೆ ಮಾತ್ರ ಹಾಕಿದರೆ ಪ್ರಯೋಜನವಿಲ್ಲ.

ಮೊದಲ ಭೇಟಿ ಮನೆಯ ಅಂಗಳದಲ್ಲಿ ಬೇಡ. ಅಂಗಳ ನಿಮ್ಮ ನಾಯಿಯ ರಾಜ್ಯ. ಕೆಂಪಿ ಹೋಗಿ ಒಂದು ವರ್ಷದ ಮೇಲೆ, ಚುಕ್ಕಿಗೆ ಆಪರೇಶನ್ ಆದ ನಂತರ, ಬೆಂಗಳೂರಿಗೆ ಮನೆ ಬದಲಿಸುತ್ತಿದ್ದವರ ಹತ್ತು ತಿಂಗಳ ಗಂಡು ನಾಯಿಯನ್ನು ನೋಡಲು ಹೋದೆವು. ಭೇಟಿ ಮಾಡಿಸಿದ್ದು ಕೊಯ್ಲಾದ ಗದ್ದೆಯಲ್ಲಿ. ಚುಕ್ಕಿ ನನ್ನ ಕೈಯಲ್ಲಿ, ಗುಂಡ ತಮ್ಮನ ಕೈಯಲ್ಲಿ. ನಡುವೆ ಇಪ್ಪತ್ತು ಅಡಿ ಬಿಟ್ಟು, ಇಬ್ಬರೂ ಒಂದೇ ದಿಕ್ಕಿಗೆ ಗದ್ದೆ ಅಂಚಿನ ಮೇಲೆ ನಡೆದೆವು. ಹಗ್ಗ ಬಿಗಿ ಹಿಡಿಯಲಿಲ್ಲ. ಬಿಗಿ ಹಿಡಿದರೆ ಆ ಬಿಗಿ ನಾಯಿಗೂ ಹೋಗುತ್ತದೆ. ಅರ್ಧ ಗಂಟೆ ಹೀಗೇ ನಡೆದು, ಮೆಲ್ಲಗೆ ಹತ್ತಿರ ಬಂದು, ಒಂದೆರಡು ಕ್ಷಣ ಮೂಸಲು ಬಿಟ್ಟು ಕರೆದೆವು. ಮತ್ತೆ ನಡೆದೆವು. ಮೂರನೆಯ ದಿನ ಚುಕ್ಕಿ ಮುಂಗಾಲು ಚಾಚಿ ಹಿಂಭಾಗ ಎತ್ತಿತು. ಅವತ್ತು ಗುಂಡನನ್ನು ಮನೆಗೆ ಕರೆತಂದೆವು.

ಮನೆಗೆ ಬಂದ ಮೇಲೆ ನೋಡಿಕೊಳ್ಳಬೇಕಾದ್ದು ಊಟ ಮತ್ತು ಜಾಗ. ಒಂದಕ್ಕೆ ಜಗಲಿಯ ತುದಿಯಲ್ಲಿ ಅಡಿಕೆ ಹಾಳೆಯಲ್ಲಿ ಊಟ, ಇನ್ನೊಂದಕ್ಕೆ ಕೊಟ್ಟಿಗೆ ಹತ್ತಿರ. ತಿಂದು ಮುಗಿದ ಕೂಡಲೇ ಹಾಳೆ ಎತ್ತಿಬಿಡಿ, ಖಾಲಿ ಹಾಳೆಗೂ ಜಗಳ ಬರುತ್ತದೆ. ಮೀನಿನ ತಲೆ, ಮೂಳೆ ಕೊಡುವಾಗ ನಡುವೆ ಬಾಗಿಲಿರಲಿ. ಬಚ್ಚಲು ಒಲೆಯ ಮುಂದೆ ಎರಡು ಗೋಣಿಚೀಲ ಹಾಸಿ, ನಡುವೆ ಜಾಗ ಬಿಟ್ಟು. ಮೊದಲ ತಿಂಗಳು ಮನೆಯಲ್ಲಿ ಯಾರೂ ಇಲ್ಲದಾಗ ಎರಡನ್ನೂ ಒಟ್ಟಿಗೆ ಬಿಡಬೇಡಿ. ಜಗಳ ಬಿದ್ದರೆ ಕೈ ಹಾಕಬೇಡಿ. ನೀರು ಸುರಿಯಿರಿ, ಇಲ್ಲವೇ ನಡುವೆ ಹಲಗೆ ತೂರಿಸಿ. ಹಲ್ಲು ತಾಗಿದರೆ ಸಾಕಿದ ನಾಯಿ ಅಂತ ಸುಮ್ಮನಿರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಎಷ್ಟು ದಿನ ಬೇಕು? ನಮ್ಮಲ್ಲಿ ಮೂರು ವಾರ ಹಿಡಿಯಿತು. ಕೆಲವು ಮನೆಯಲ್ಲಿ ಮೂರು ತಿಂಗಳೂ ಆಗುತ್ತದೆ. ಹಾಗಾಗಿ ನಾಯಿ ಕೊಡುವವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. "ಒಂದೆರಡು ತಿಂಗಳು ನೋಡುತ್ತೇವೆ, ನಮ್ಮ ನಾಯಿ ಊಟ ಬಿಟ್ಟರೆ, ಇಲ್ಲವೇ ಮೂಲೆ ಹಿಡಿದರೆ ವಾಪಸು ತಗೊಳ್ಳಬೇಕು" ಅಂತ. ಇದಕ್ಕೆ ಒಪ್ಪುವವರ ಮನೆಯಿಂದಲೇ ತನ್ನಿ.